ಮೊದಲು ದೂರ ಅಳೆ, ಆಮೇಲೆ ಗುಂಡು ಹಾರಿಸು: ಪ್ಯಾಂಜರ್ ಎಲೀಟ್ ಬಗ್ಗೆ ನನ್ನ ವಾದ

ಪ್ಯಾಂಜರ್ ಎಲೀಟ್ ಅನ್ನುವ ಹಳೆಯ ಕಂಪ್ಯೂಟರ್ ಆಟ ಆಡಿದವರನ್ನು ವಿಚಾರಿಸಿ ನೋಡಿ, ‘ಪರವಾಗಿಲ್ಲ’ ಅನ್ನುವ ಉತ್ತರ ಯಾರಿಂದಲೂ ಬರುವುದಿಲ್ಲ. ಒಂದೇ ಸಂಜೆಗೆ ಸಾಕಾಗಿ ತೆಗೆದುಹಾಕಿದವರು ಇದ್ದಾರೆ. ಹೊಸ ಕಂಪ್ಯೂಟರ್ ಕೊಂಡಾಗಲೆಲ್ಲ ಮೊದಲು ಇದನ್ನೇ ಹಾಕಿಕೊಳ್ಳುವವರೂ ಇದ್ದಾರೆ. ನಾನು ಎರಡನೆಯವರ ಪೈಕಿ, ನನ್ನ ಚಿಕ್ಕಪ್ಪನ ಮಗ ಮೊದಲನೆಯವರ ಪೈಕಿ. ಹಬ್ಬಕ್ಕೆ ಊರಿಗೆ ಹೋದಾಗ ಊಟವಾದ ಮೇಲೆ ನಮ್ಮಿಬ್ಬರಿಗೂ ಇದೇ ಚರ್ಚೆ. ಅವನ ಮಾತಿನಲ್ಲಿ ನ್ಯಾಯವಾದ ದೂರುಗಳೂ ಇವೆ, ಆಟ ಏನು ಮಾಡಲು ಹೊರಟಿದೆ ಎಂದು ನೋಡದೆ ಆಡಿದ ಮಾತುಗಳೂ ಇವೆ. ಎರಡನ್ನೂ ಬಿಡಿಸಿ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ಗೊತ್ತಿಲ್ಲದವರಿಗೆ ಎರಡು ಸಾಲು. ಇದು 1999ರಲ್ಲಿ ಬಂದ ಟ್ಯಾಂಕ್ ಸಿಮ್ಯುಲೇಷನ್, ಅಂದರೆ ನಿಜವಾದ ಟ್ಯಾಂಕ್ ನಡೆಸಿದಂತೆಯೇ ಆಡಬೇಕಾದ ಆಟ. ಮಾಡಿದವರು ಜರ್ಮನಿಯ ವಿಂಗ್ಸ್ ಸಿಮ್ಯುಲೇಷನ್ಸ್, ಹೊರತಂದವರು ಸಿಗ್ನೋಸಿಸ್. ಎರಡನೇ ಮಹಾಯುದ್ಧದ ಉತ್ತರ ಆಫ್ರಿಕಾ, ಇಟಲಿ, ನಾರ್ಮಂಡಿ, ಈ ಮೂರು ರಣರಂಗಗಳಲ್ಲಿ ಅಮೆರಿಕದ ಕಡೆಯಿಂದಲೋ ಜರ್ಮನಿಯ ಕಡೆಯಿಂದಲೋ ಒಂದು ಟ್ಯಾಂಕ್ ಪ್ಲಟೂನ್, ಅಂದರೆ ಕೆಲವು ಟ್ಯಾಂಕುಗಳ ತುಕಡಿ, ನಡೆಸಬೇಕು. ಆ ಹೊತ್ತಿಗೆ ಟ್ಯಾಂಕ್ ಆಟಗಳಿಗೇನೂ ಬರ ಇರಲಿಲ್ಲ. ಹಿಂದಿನ ವರ್ಷವೇ ಮೈಕ್ರೋಪ್ರೋಸ್‌ನ ಎಂ1 ಟ್ಯಾಂಕ್ ಪ್ಲಟೂನ್ 2 ಬಂದಿತ್ತು, ಪ್ಯಾಂಜರ್ ಕಮಾಂಡರ್ ಬಂದಿತ್ತು. ಅವನ್ನೂ ನಾನು ಆಡಿದ್ದೇನೆ. ಆದರೆ ಇಪ್ಪತ್ತು ವರ್ಷ ದಾಟಿದ ಮೇಲೂ ನನ್ನ ಕೈ ಹೋಗುವುದು ಇದರ ಕಡೆಗೇ.

ನಮ್ಮ ಹುಡುಗನ, ಅಂದರೆ ಆ ಚಿಕ್ಕಪ್ಪನ ಮಗನ, ಮೊದಲ ದೂರು ಇದು: “ಏನಣ್ಣ ಇದು, ಅರ್ಧ ಗಂಟೆ ಆಯ್ತು, ಒಂದು ಗುಂಡೂ ಹಾರ್ಸಿಲ್ಲ. ಎಲ್ಲಿಂದ ಹೊಡೀತಾನೆ ಅಂತ್ಲೂ ಕಾಣಲ್ಲ. ಕಂಡಾಗ ನಾನು ಸತ್ತಿರ್ತೀನಿ.”

ಅವನು ಹೇಳಿದ್ದು ಅಕ್ಷರಶಃ ನಿಜ. ಆಟದಲ್ಲಿ ಟ್ಯಾಂಕಿನೊಳಗೆ ಐದು ಜನ: ಕಮಾಂಡರ್, ಗನ್ನರ್, ಲೋಡರ್, ಡ್ರೈವರ್, ರೇಡಿಯೋ ಆಪರೇಟರ್. ಬಾಗಿಲು ಮುಚ್ಚಿಕೊಂಡರೆ ಕಮಾಂಡರ್‌ಗೆ ಸಿಗುವುದು ಸುತ್ತಲಿನ ನಾಲ್ಕಾರು ಕಿಂಡಿಗಳಷ್ಟೇ. ಗನ್ನರ್‌ಗೆ ಕೊಳವೆಯೊಳಗಿನ ಒಂದು ವೃತ್ತ, ಅದರಾಚೆ ಏನೂ ಇಲ್ಲ. ಡ್ರೈವರ್‌ಗೆ ಮುಂದಿನ ಸೀಳು. ಲೋಡರ್‌ಗಂತೂ ಗೋಡೆ. ಕಮಾಂಡರ್ ತಲೆ ಹೊರಹಾಕಿ ದುರ್ಬೀನು ಹಿಡಿದರೆ ಲೋಕ ಕಾಣುತ್ತದೆ, ಆದರೆ ಮೆಷಿನ್‌ಗನ್ ಒಂದು ಸುತ್ತು ಬಂದರೆ ತಲೆ ಉಳಿಯುವುದು ಅನುಮಾನ. ನೋಡಬೇಕೆಂದರೆ ಪ್ರಾಣ ಒಡ್ಡಬೇಕು, ಪ್ರಾಣ ಉಳಿಸಿಕೊಳ್ಳಬೇಕೆಂದರೆ ಕುರುಡಾಗಬೇಕು. ಆ ಕಾಲದ ಟ್ಯಾಂಕ್ ಕಮಾಂಡರುಗಳಲ್ಲಿ ಬಹಳ ಮಂದಿ ಸತ್ತದ್ದು ತಲೆ ಹೊರಗಿದ್ದಾಗಲೇ. ಈ ಇಕ್ಕಟ್ಟನ್ನು ನಾನು ಆಡಿದ ಯಾವ ಟ್ಯಾಂಕ್ ಆಟವೂ ಇಷ್ಟು ನಿಷ್ಠೆಯಿಂದ ತಂದಿಲ್ಲ.

ಹಾಗಾಗಿ ‘ಏನೂ ಕಾಣಿಸುವುದಿಲ್ಲ’ ಅನ್ನುವುದನ್ನು ನಾನು ಈ ಆಟದ ಮೇಲಿನ ಆರೋಪ ಅಂತ ಒಪ್ಪುವುದಿಲ್ಲ. ಆಟ ಇರುವುದೇ ಅದರಲ್ಲಿ. ನನ್ನ ಇಡೀ ವಾದವೂ ಇಷ್ಟೇ: ಪ್ಯಾಂಜರ್ ಎಲೀಟ್ ನೋಡುವುದನ್ನೂ ಅಳೆಯುವುದನ್ನೂ ಕೇಂದ್ರದಲ್ಲಿಟ್ಟ ಆಟ. ಗುಂಡು ಹಾರಿಸುವುದು ಆ ಕೆಲಸದ ಕೊನೆಯ ಒಂದು ಸೆಕೆಂಡ್.

ನನಗೆ ಇದು ಇಷ್ಟು ಹತ್ತಿರವಾಗಲು ಒಂದು ಕಾರಣವಿದೆ. ನಾನು ಓದಿದ್ದು ಸಿವಿಲ್ ಡಿಪ್ಲೊಮಾ, ಹಾಸನದಲ್ಲಿ. ಈಗಲೂ ಹೊಟ್ಟೆಪಾಡು ಸರ್ವೆ ಕೆಲಸದಿಂದಲೇ. ಬೆಳಗ್ಗೆ ಕಾಲೇಜಿನ ಮೈದಾನದಲ್ಲಿ ಸರ್ವೆ ಪ್ರಾಕ್ಟಿಕಲ್, ರಾತ್ರಿ ರೂಮ್‌ಮೇಟಿನ ಕಂಪ್ಯೂಟರಿನಲ್ಲಿ ಈ ಆಟ, ಎರಡೂ ಒಂದೇ ವರ್ಷದಲ್ಲಿ ನಡೆದವು. ಸರ್ವೆಯಲ್ಲಿ ಮಟ್ಟ ನೋಡುವ ದುರ್ಬೀನು, ಡಂಪಿ ಲೆವೆಲ್‌ಗೆ ಕಣ್ಣಿಟ್ಟವರಿಗೆ ಗೊತ್ತು: ನಡುವಿನ ಅಡ್ಡಗೆರೆಯ ಮೇಲೊಂದು, ಕೆಳಗೊಂದು ಗಿಡ್ಡ ಗೆರೆ ಇರುತ್ತವೆ, ಅವೇ ಸ್ಟೇಡಿಯಾ ಗೆರೆಗಳು. ದೂರದಲ್ಲಿ ಹಿಡಿದು ನಿಂತ ಅಳತೆಕೋಲಿನ, ಅಂದರೆ ಸ್ಟಾಫಿನ ಮೇಲೆ ಆ ಎರಡು ಗೆರೆ ಎಲ್ಲೆಲ್ಲಿ ಬಿದ್ದಿವೆ ಎಂದು ಓದಿ, ವ್ಯತ್ಯಾಸವನ್ನು 100ರಿಂದ ಗುಣಿಸಿದರೆ ದೂರ ಸಿಕ್ಕಿತು. ಮೇಲಿನದು 1.850, ಕೆಳಗಿನದು 1.430 ಇದ್ದರೆ ವ್ಯತ್ಯಾಸ 0.420, ಅಂದರೆ 42 ಮೀಟರ್. ಟೇಪು ಎಳೆಯಬೇಕಿಲ್ಲ, ಚೈನು ಬೇಕಿಲ್ಲ, ನಡುವೆ ಹಳ್ಳವಿದ್ದರೂ ಚಿಂತೆಯಿಲ್ಲ.

ಅದೇ ರಾತ್ರಿ ಜರ್ಮನ್ ಟ್ಯಾಂಕಿನ ಗನ್‌ಸೈಟಿನೊಳಗೆ ನೋಡಿದಾಗ ಕಂಡದ್ದು ಸಾಲಾಗಿ ನಿಂತ ತ್ರಿಕೋನಗಳು. ನಡುವೆ ಒಂದು ದೊಡ್ಡದು, ಎಡಕ್ಕೆ ಮೂರು, ಬಲಕ್ಕೆ ಮೂರು ಸಣ್ಣವು. ಅಲಂಕಾರಕ್ಕೆ ಬರೆದ ಚಿತ್ರವಲ್ಲ ಅದು, ಅಳತೆಗೋಲು. ದೊಡ್ಡ ತ್ರಿಕೋನದ ಅಗಲ 4 ಮಿಲ್. ಪೂರ್ತಿ ವೃತ್ತವನ್ನು 6400 ಭಾಗ ಮಾಡಿದರೆ ಒಂದು ಭಾಗ ಒಂದು ಮಿಲ್, ಹೆಚ್ಚುಕಡಿಮೆ 1000 ಮೀಟರ್ ದೂರದಲ್ಲಿ 1 ಮೀಟರ್ ಅಗಲದ ವಸ್ತು ತುಂಬುವಷ್ಟು ಕೋನ. ಇನ್ನು ಲೆಕ್ಕ ಸುಲಭ. ಎದುರಿಗೆ ಮುಖಮಾಡಿ ಬರುತ್ತಿರುವ ಅಮೆರಿಕದ ಶೆರ್ಮನ್ ಟ್ಯಾಂಕಿನ ಅಗಲ ಸುಮಾರು 2.6 ಮೀಟರ್. ಅದು ದೊಡ್ಡ ತ್ರಿಕೋನವನ್ನು ಸರಿಯಾಗಿ ತುಂಬಿದರೆ 2.6 ಅನ್ನು 4ರಿಂದ ಭಾಗಿಸಿ ಸಾವಿರದಿಂದ ಗುಣಿಸಿ: 650 ಮೀಟರ್. ಅರ್ಧ ತುಂಬಿದರೆ 1300. ಅಡ್ಡಲಾಗಿ ನಿಂತಿದ್ದರೆ ಅದರ ಉದ್ದ ಆರು ಮೀಟರಿಗೆ ಸ್ವಲ್ಪ ಕಡಿಮೆ, ಆಗ ತ್ರಿಕೋನ ತುಂಬಿದರೆ ಹತ್ತಿರ ಹತ್ತಿರ 1500.

ಸರ್ವೆಯಲ್ಲಿ ಕೋನ ಸ್ಥಿರ, ಸ್ಟಾಫಿನ ಮೇಲಿನ ಉದ್ದವನ್ನು ಓದುತ್ತೇವೆ. ಇಲ್ಲಿ ವಸ್ತುವಿನ ಉದ್ದ ಗೊತ್ತಿದೆ, ಕೋನವನ್ನು ಓದುತ್ತೇವೆ. ತ್ರಿಕೋನ ಅದೇ. ಆ ರಾತ್ರಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಬೆಳಗ್ಗೆ ಮಾರ್ಕ್ಸಿಗಾಗಿ ಬರೆದುಕೊಂಡ ಸೂತ್ರದ ಮೇಲೆ ಇಲ್ಲಿ ಐದು ಜನರ ಜೀವ ನಿಂತಿತ್ತು. ಮಾರನೇ ದಿನದಿಂದ ಸ್ಟಾಫ್ ಹಿಡಿದವನನ್ನು ನೋಡಿದಾಗೆಲ್ಲ ರೀಡಿಂಗ್ ತೆಗೆಯುವ ಮೊದಲೇ ದೂರ ಅಂದಾಜು ಮಾಡಿ, ಆಮೇಲೆ ತಾಳೆ ನೋಡುವ ಅಭ್ಯಾಸ ಬಿತ್ತು. ಆ ಅಭ್ಯಾಸ ಈಗಲೂ ಇದೆ.

“ಇಷ್ಟೆಲ್ಲ ಲೆಕ್ಕ ಯಾಕಣ್ಣ, ಸುಮ್ನೆ ಸ್ವಲ್ಪ ಮೇಲೆ ಹಿಡಿದು ಹೊಡೀಬಾರ್ದಾ?” ಇದು ಅವನ ಎರಡನೇ ಪ್ರಶ್ನೆ. ಅದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಜರ್ಮನರ ಟೈಗರ್ ಟ್ಯಾಂಕಿನ 88 ಮಿಲಿಮೀಟರ್ ಗನ್ನಿನ ಮಾಮೂಲಿ ಟ್ಯಾಂಕ್‌ನಾಶಕ ಗುಂಡು ಸೆಕೆಂಡಿಗೆ ಸುಮಾರು 770 ಮೀಟರ್ ವೇಗದಲ್ಲಿ ಹೊರಡುತ್ತದೆ. ಸಾವಿರ ಮೀಟರ್ ಮುಟ್ಟುವಷ್ಟರಲ್ಲಿ ಒಂದೂಕಾಲು ಸೆಕೆಂಡಿಗೂ ಹೆಚ್ಚು ಕಳೆದಿರುತ್ತದೆ, ಅಷ್ಟರಲ್ಲಿ ಗುಂಡು ನೇರ ಗೆರೆಯಿಂದ ಎಂಟು ಮೀಟರಿಗೂ ಕೆಳಗೆ ಇಳಿದಿರುತ್ತದೆ. ಗನ್ನನ್ನು ಅಷ್ಟು ಎತ್ತಿ ಹಿಡಿಯಬೇಕು, ಅದಕ್ಕೇ ದೂರ ಬೇಕು. ಆ ದೂರದಲ್ಲಿ ಅಂದಾಜು 100 ಮೀಟರ್ ತಪ್ಪಿದರೆ ಗುಂಡು ಸುಮಾರು 80 ಸೆಂಟಿಮೀಟರ್‌ನಿಂದ ಒಂದು ಮೀಟರ್ ಮೇಲೋ ಕೆಳಗೋ ಬೀಳುತ್ತದೆ. ಶೆರ್ಮನ್ 2.7 ಮೀಟರ್ ಎತ್ತರ, ನಡುಮಟ್ಟಕ್ಕೆ ಗುರಿಯಿಟ್ಟಿದ್ದರೆ 100 ಮೀಟರ್ ತಪ್ಪು ನಡೆಯುತ್ತದೆ, 200 ಮೀಟರ್ ತಪ್ಪು ನಡೆಯುವುದಿಲ್ಲ.

ಈಗ ಶೆರ್ಮನ್‌ನೊಳಗೆ ಕೂತು ನೋಡಿ. ಅದರ 75 ಮಿಲಿಮೀಟರ್ ಗನ್ನಿನ ವೇಗ ಸೆಕೆಂಡಿಗೆ ಸುಮಾರು 620 ಮೀಟರ್ ಮಾತ್ರ. ಸಾವಿರ ಮೀಟರಿಗೆ ಇಳಿತ ಹನ್ನೆರಡು ಮೀಟರಿಗೂ ಹೆಚ್ಚು. 100 ಮೀಟರ್ ತಪ್ಪಿದರೆ ಸಾಕು, ಗುಂಡು ಒಂದೂಕಾಲು ಮೀಟರಿಗೂ ಹೆಚ್ಚು ಆಚೀಚೆ. ಟೈಗರ್‌ನ ಕವಚ ದಪ್ಪ ಅನ್ನುವುದು ಎಲ್ಲರಿಗೂ ಗೊತ್ತು. ವೇಗದ ಗನ್ ಇದ್ದವನಿಗೆ ಅಳತೆಯ ತಪ್ಪನ್ನೂ ಆ ಗನ್ನೇ ಕ್ಷಮಿಸುತ್ತದೆ ಅನ್ನುವುದು ಈ ಆಟ ಆಡಿದವರಿಗೆ ಗೊತ್ತಾಗುವ ವಿಷಯ. ಗನ್ನಿನ ಒಳ್ಳೆಯತನ ಅಂದರೆ ತೂತು ಕೊರೆಯುವುದಷ್ಟೇ ಅಲ್ಲವಲ್ಲ.

ಓಡುವ ಗುರಿಯದು ಇನ್ನೊಂದು ಲೆಕ್ಕ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಅಡ್ಡ ಹೋಗುತ್ತಿರುವ ಟ್ಯಾಂಕ್ ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಸಾವಿರ ಮೀಟರಿನಲ್ಲಿ ಗುಂಡು ತಲುಪುವಷ್ಟರಲ್ಲಿ ಏಳೆಂಟು ಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಏಳೆಂಟು ಮಿಲ್. ತ್ರಿಕೋನದ ತುದಿಯಿಂದ ತುದಿಗೆ 4 ಮಿಲ್, ಹಾಗಾದರೆ ಎರಡು ತುದಿ ಮುಂದಕ್ಕೆ ಹಿಡಿ. ಪಕ್ಕದ ಸಣ್ಣ ತ್ರಿಕೋನಗಳು ಇರುವುದು ಈ ಕೆಲಸಕ್ಕೆ. ಇದನ್ನು ಆಟ ಎಲ್ಲೂ ಬಾಣದ ಗುರುತು ಹಾಕಿ ತೋರಿಸುವುದಿಲ್ಲ. ನೀವೇ ಕಂಡುಕೊಳ್ಳಬೇಕು, ಇಲ್ಲವೇ ಜೊತೆಗೆ ಬಂದ ದಪ್ಪ ಕೈಪಿಡಿಯನ್ನು ಕೂತು ಓದಬೇಕು. ಆ ಕೈಪಿಡಿಯ ನಕಲು ನನ್ನ ಕೈಗೆ ಸಿಕ್ಕಿದ್ದು ಕಾಲೇಜು ಮುಗಿದ ಎಷ್ಟೋ ಕಾಲದ ಮೇಲೆ, ಆದರೂ ಪರೀಕ್ಷೆಗೆ ಓದಿದಂತೆ ಗೆರೆ ಎಳೆದು ಓದಿದ್ದೇನೆ.

ಇನ್ನು ನ್ಯಾಯವಾದ ದೂರುಗಳಿಗೆ ಬರೋಣ, ಅವನ್ನು ಮುಚ್ಚಿಡುವುದು ಆಟಕ್ಕೂ ಮರ್ಯಾದೆಯಲ್ಲ.

ಕೀಬೋರ್ಡಿನ ವಿಚಾರದಲ್ಲಿ ನಮ್ಮ ಹುಡುಗ ಹೇಳುವುದು ಪೂರ್ತಿ ಸರಿ. ಐದು ಜನರಿಗೂ, ಪ್ಲಟೂನಿನ ಉಳಿದ ಟ್ಯಾಂಕುಗಳಿಗೂ, ರೇಡಿಯೋಗೂ, ಗುಂಡಿನ ಆಯ್ಕೆಗೂ ಬೇರೆ ಬೇರೆ ಕೀಗಳು. ಹೊಸಬನಿಗೆ ಅದು ಗೋಡೆಯೇ. ಇದನ್ನು ಇನ್ನೂ ಸರಳವಾಗಿ ಜೋಡಿಸಲು ಸಾಧ್ಯವಿತ್ತು, ನಿಜತನಕ್ಕೆ ಯಾವ ಧಕ್ಕೆಯೂ ಬರುತ್ತಿರಲಿಲ್ಲ. ನೋಡುವುದು ಕಷ್ಟವಾಗಬೇಕು, ಆದೇಶ ಕೊಡುವುದು ಯಾಕೆ ಕಷ್ಟವಾಗಬೇಕು? ಕಮಾಂಡರ್ ಬಾಯಿಬಿಟ್ಟು ‘ಎಡಕ್ಕೆ ತಿರುಗು’ ಅಂದರೆ ಡ್ರೈವರ್ ತಿರುಗಿಸುತ್ತಾನೆ, ಅಷ್ಟು ಸಲೀಸಾಗಿ ಇರಬೇಕಿತ್ತು.

ಪ್ಲಟೂನಿನ ಉಳಿದ ಟ್ಯಾಂಕುಗಳ ನಡವಳಿಕೆ ಇನ್ನೊಂದು ತಲೆನೋವು. ಬಯಲಿನಲ್ಲಿ ಸಾಲು ಕಟ್ಟಿಕೊಂಡು ಚೆನ್ನಾಗಿ ಬರುತ್ತವೆ. ಸೇತುವೆ, ಊರೊಳಗಿನ ಬೀದಿ, ನಾರ್ಮಂಡಿಯ ಬೇಲಿಸಾಲು ಬಂದರೆ ಒಂದಕ್ಕೊಂದು ಅಡ್ಡ ನಿಂತುಬಿಡುತ್ತವೆ. ನಾನು ಮುಂದೆ ಹೋಗಿ ಶತ್ರುವಿನ ಎದುರು ನಿಂತಾಗ ಜೊತೆಗಾರರು ಹಿಂದೆಲ್ಲೋ ಮನೆಯೊಂದರ ಮೂಲೆಗೆ ಸಿಕ್ಕಿಕೊಂಡಿದ್ದರೆ ಸಿಟ್ಟು ಬರದೆ ಇರುತ್ತದೆಯೇ? ಬಿಡುಗಡೆಯಾದ ಹೊಸದರಲ್ಲಿ ಆಟ ನಡುವೆಯೇ ನಿಂತುಹೋಗುವ ತೊಂದರೆಗಳೂ ಇದ್ದವು, ದೋಷ ಸರಿಪಡಿಸುವ ಪ್ಯಾಚ್‌ಗಳು ಬಂದ ಮೇಲೆ ಎಷ್ಟೋ ಸುಧಾರಿಸಿತು. ಕಾಲಾಳುಗಳನ್ನು ಚಿತ್ರಿಸಿದ ರೀತಿ ಆ ಕಾಲಕ್ಕೇ ಸಪ್ಪೆ. ಟ್ಯಾಂಕುಗಳ ಪಕ್ಕದಲ್ಲಿ ಸೈನಿಕರು ನಿಜವಾದ ಅಪಾಯ ಅನ್ನಿಸುವುದಿಲ್ಲ, ಬೇಲಿಸಾಲಿನ ಯುದ್ಧದಲ್ಲಿ ಇದು ದೊಡ್ಡ ಕೊರತೆ.

ಆದರೆ ಒಂದು ದೂರನ್ನು ಮಾತ್ರ ನಾನು ಒಪ್ಪುವವನಲ್ಲ. ‘ಅಮೆರಿಕದ ಕಡೆ ಆಡುವುದು ಅನ್ಯಾಯ, ಶೆರ್ಮನ್ ಡಬ್ಬ, ಟೈಗರ್ ಬಂದರೆ ಮುಗೀತು’ ಅನ್ನುವುದು. ಇದನ್ನು ಹೇಳುವವರು ಬಹಳ ಜನ. ಜರ್ಮನ್ ಟ್ಯಾಂಕುಗಳ ಮೋಹ ಆಟಗಾರರಲ್ಲಿ ಎಲ್ಲ ಕಡೆಯೂ ಇದೆ.

ಅಂಕಿಗಳನ್ನೇ ನೋಡೋಣ. ಟೈಗರ್‌ನ ಮುಂಭಾಗ 100 ಮಿಲಿಮೀಟರ್ ಉಕ್ಕು, ಹೆಚ್ಚುಕಡಿಮೆ ನೆಟ್ಟಗೆ ನಿಂತದ್ದು. ಮೊದಮೊದಲ ಶೆರ್ಮನ್‌ನ ಮುಂಭಾಗ 51 ಮಿಲಿಮೀಟರ್. ಕೇಳಿದರೆ ಅರ್ಧ ಅನ್ನಿಸುತ್ತದೆ. ಆದರೆ ಅದು ಲಂಬದಿಂದ 56 ಡಿಗ್ರಿ ಓರೆಯಾಗಿದೆ. ನೇರವಾಗಿ ಬರುವ ಗುಂಡು ಆ ಓರೆಯಲ್ಲಿ ದಾಟಬೇಕಾದ ಉಕ್ಕು 51 ಅನ್ನು ಕೊಸೈನ್ 56ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 91 ಮಿಲಿಮೀಟರ್. ಗನ್ನಿನ ಶಕ್ತಿಯಲ್ಲಿ ಟೈಗರ್ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗನ್ ಹೊತ್ತ ಮೇಲ್ಭಾಗ, ಟರೆಟ್, ಒಂದು ಸುತ್ತು ತಿರುಗಲು ಶೆರ್ಮನ್‌ಗೆ ಸುಮಾರು 15 ಸೆಕೆಂಡ್ ಸಾಕು. ಟೈಗರ್‌ನದು ಎಂಜಿನ್ ವೇಗದ ಮೇಲೆ ನಿಂತದ್ದು, ಸಾಧಾರಣ ವೇಗದಲ್ಲಿ ಒಂದು ನಿಮಿಷದಷ್ಟು. ಎಂಜಿನ್ ನಿಂತರೆ ಗನ್ನರ್ ಕೈಚಕ್ರವನ್ನೇ ತಿರುಗಿಸುತ್ತ ಕೂರಬೇಕು.

ಪ್ಯಾಂಜರ್ ಎಲೀಟ್‌ನಲ್ಲಿ ಈ ವ್ಯತ್ಯಾಸಗಳು ಬರೀ ಅಂಕಿಯಾಗಿ ಉಳಿಯುವುದಿಲ್ಲ. ಇದರಲ್ಲಿ ನನಗೆ ಬಹಳ ಇಷ್ಟವಾದ ಕದನಗಳಲ್ಲಿ ಒಂದು ಇಟಲಿಯದು. ದಿಬ್ಬದ ಮೇಲೆ ಟೈಗರ್, ಕೆಳಗೆ ಕಣಿವೆಯಲ್ಲಿ ನನ್ನ ಶೆರ್ಮನ್‌ಗಳು. ಎದುರು ಹೋದರೆ ಉಳಿಗಾಲವಿಲ್ಲ. ಮೊದಲು ಹೊಗೆ ಗುಂಡು ಹಾರಿಸಿದೆ, ಕೊಲ್ಲಲು ಅಲ್ಲ, ಅವನ ಕಣ್ಣು ಕಟ್ಟಲು. ರೇಡಿಯೋದಲ್ಲಿ ಫಿರಂಗಿದಳಕ್ಕೆ ಹೇಳಿದೆ. ಮೇಲಿನಿಂದ ಗುಂಡು ಬೀಳಲು ಶುರುವಾದ ಮೇಲೆ ಎರಡು ಟ್ಯಾಂಕುಗಳನ್ನು ಎಡಗಡೆಯ ಆಲಿವ್ ತೋಪಿನ ಹಿಂದೆ ಬಿಟ್ಟು, ನಾನು ಬಲಕ್ಕೆ ಸುತ್ತಿದೆ. ಹೊಗೆ ತಿಳಿಯಾಗುವಷ್ಟರಲ್ಲಿ ಅವನ ಟರೆಟ್ ಎಡಗಡೆಯವರ ಕಡೆ ನಿಧಾನವಾಗಿ ತಿರುಗುತ್ತಿತ್ತು. ಪಕ್ಕದ 80 ಮಿಲಿಮೀಟರ್ ಗೋಡೆ ನನ್ನ ಎದುರಿಗೆ, ದೂರ ಮುನ್ನೂರು ಮೀಟರಿನ ಆಸುಪಾಸು. ಅಷ್ಟು ಹತ್ತಿರದಲ್ಲಿ ಅಳೆಯುವ ಅಗತ್ಯವೂ ಇಲ್ಲ. ಗುಂಡು ಒಳಹೊಕ್ಕಿತು. ಎಡಗಡೆ ಬಿಟ್ಟವರಲ್ಲಿ ಒಂದು ಟ್ಯಾಂಕ್ ಹೋಯಿತು, ಅದರಲ್ಲಿದ್ದ ಗನ್ನರ್ ಆಫ್ರಿಕಾದಿಂದ ಜೊತೆಗಿದ್ದವನು.

ಹೌದು, ಆ ಐದು ಜನಕ್ಕೆ ಹೆಸರುಗಳಿವೆ. ನೀವೇ ಆರಿಸಿಕೊಂಡವರು, ಯುದ್ಧದಿಂದ ಯುದ್ಧಕ್ಕೆ ಕೈ ಪಳಗಿದವರು. ಒಳ್ಳೆಯ ಲೋಡರ್ ಕೈಗೆ ಸಿಕ್ಕಿದ ಮೇಲೆ ಅವನನ್ನು ಕಳೆದುಕೊಂಡರೆ ಆಗುವ ನಷ್ಟ ಮುಂದಿನ ಕದನದಲ್ಲಿ ಗೊತ್ತಾಗುತ್ತದೆ. ಎಂ1 ಟ್ಯಾಂಕ್ ಪ್ಲಟೂನ್ 1989ರಲ್ಲೇ ಈ ದಾರಿ ತೋರಿಸಿತ್ತು. ನಾಲ್ಕು ಟ್ಯಾಂಕ್, ಹದಿನಾರು ಜನ, ಒಬ್ಬೊಬ್ಬರಿಗೂ ಬಡ್ತಿ, ಪದಕ. ಆ ಒಳ್ಳೆಯ ಗುಣ ಇಲ್ಲಿಗೂ ಬಂದಿದೆ.

ಟ್ಯಾಂಕಿಗೆ ಯಾವ ಗುಂಡು ಎಷ್ಟು ತುಂಬಿಸಬೇಕು ಎಂದು ಹೊರಡುವ ಮೊದಲು ನಿರ್ಧರಿಸುವುದೂ ನನಗೆ ಬಲು ಇಷ್ಟ. ಉಕ್ಕು ಕೊರೆಯುವ ಗುಂಡು ಜಾಸ್ತಿ ತುಂಬಿಕೊಂಡು ಹೋದಾಗ ಎದುರಾಗುವುದು ಟ್ಯಾಂಕ್‌ನಾಶಕ ಫಿರಂಗಿಗಳ ಸಾಲು, ಅವಕ್ಕೆ ಬೇಕಾದದ್ದು ಸಿಡಿಯುವ ಗುಂಡು. ಅದನ್ನು ಹೆಚ್ಚು ತುಂಬಿಕೊಂಡ ದಿನ ರಸ್ತೆ ತಿರುವಿನಲ್ಲಿ ಜರ್ಮನರ ಪ್ಯಾಂಜರ್ 4 ಟ್ಯಾಂಕ್ ನಿಂತಿರುತ್ತದೆ. ಆಗಲೇ ಗನ್ನಿನೊಳಗಿರುವ ಗುಂಡನ್ನು ಹಾರಿಸಿ ಬೇರೆಯದು ತುಂಬಿಸಬೇಕು, ಆ ಕೆಲವು ಸೆಕೆಂಡುಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ.

ಇದನ್ನು ಇಷ್ಟು ವರ್ಷ ಬದುಕಿಸಿದವರು ಆಟಗಾರರೇ. ಕಂಪನಿ ಕೈಬಿಟ್ಟ ಮೇಲೂ ಅಭಿಮಾನಿಗಳು ಆಸ್ಟ್‌ಪ್ಯಾಕ್ ಅಂತ ರಷ್ಯದ ಕಡೆಯ ರಣರಂಗ, ಬ್ರಿಟ್‌ಪ್ಯಾಕ್ ಅಂತ ಬ್ರಿಟಿಷರ ಟ್ಯಾಂಕುಗಳು, ಹೀಗೆ ಆಟಕ್ಕೆ ಸೇರಿಸಿಕೊಳ್ಳುವ ಭಾಗಗಳನ್ನು, ಅಂದರೆ ಮಾಡ್‌ಗಳನ್ನು, ಮಾಡುತ್ತಲೇ ಹೋದರು. ರಷ್ಯದ ಟಿ-34ರಲ್ಲಿ ಕೂತು ಹಿಮದ ಬಯಲು ದಾಟಿದ್ದು ನಾನು ಅವರ ದಯೆಯಿಂದ. ಒಂದು ರೂಪಾಯಿ ಸಂಬಳವಿಲ್ಲದೆ ಒಂದೊಂದು ಟ್ಯಾಂಕಿನ ಕವಚದ ದಪ್ಪ, ಓರೆ, ಗುಂಡಿನ ವೇಗ ಹುಡುಕಿ ಕೂರಿಸಿದವರ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ.

ಇಲ್ಲೇ ನನ್ನದೊಂದು ಆಸೆಯನ್ನೂ ಹೇಳಿಬಿಡುತ್ತೇನೆ. ಟ್ಯುನೀಶಿಯಾದಲ್ಲಿ, ಆಮೇಲೆ ಇಟಲಿಯ ಕ್ಯಾಸಿನೋದಲ್ಲಿ 4ನೇ ಭಾರತೀಯ ಡಿವಿಷನ್ ಕಾದಾಡಿದೆ. 1943ರ ಮೇ ತಿಂಗಳಲ್ಲಿ ಆಫ್ರಿಕಾದ ಜರ್ಮನ್ ಸೇನಾಪತಿ ಫಾನ್ ಆರ್ನಿಮ್ ಶರಣಾದದ್ದು ಆ ಡಿವಿಷನ್ನಿಗೇ. ಆಟದಲ್ಲಿ ನಾವು ಓಡಾಡುವುದೂ ಅದೇ ರಣರಂಗಗಳಲ್ಲಿ. ನಮ್ಮವರು ಬೆಟ್ಟ ಹತ್ತುವಾಗ ಕೆಳಗಿನಿಂದ ಬೆಂಬಲ ಕೊಡುವ ಟ್ಯಾಂಕಿನಲ್ಲಿ ಕೂರುವ ಒಂದು ಕದನವನ್ನು ಯಾರಾದರೂ ಮಾಡಿದ್ದರೆ ನಾನು ನಿದ್ದೆಗೆಟ್ಟಾದರೂ ಆಡುತ್ತಿದ್ದೆ.

ಹೆಸರನ್ನು ಮುಂದುವರಿಸಿದ ಆಟದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಪ್ಯಾಂಜರ್ ಎಲೀಟ್ ಆ್ಯಕ್ಷನ್ ಅಂತ 2006ರ ಸುಮಾರಿಗೆ ಬಂತು. ಹೊರಗಿನಿಂದ ಟ್ಯಾಂಕ್ ನೋಡುತ್ತ, ಓಡುತ್ತ ಗುಂಡು ಹಾರಿಸುವ ಆಟ. ಅದಕ್ಕೂ ಇಷ್ಟಪಡುವವರು ಇರಬಹುದು, ಬೇರೆ ಹೆಸರಿಟ್ಟಿದ್ದರೆ ನನಗೂ ತಕರಾರು ಇರುತ್ತಿರಲಿಲ್ಲ.

ನಮ್ಮ ಹುಡುಗ ಆಡುವುದು ವರ್ಲ್ಡ್ ಆಫ್ ಟ್ಯಾಂಕ್ಸ್. ಅಲ್ಲಿ ಟ್ಯಾಂಕಿಗೆ ಇಂತಿಷ್ಟು ಅಂತ ಪಾಯಿಂಟ್, ಗುಂಡು ಒಳಹೊಕ್ಕಾಗಲೆಲ್ಲ ಒಂದಿಷ್ಟು ಕಳೆಯುತ್ತದೆ, ಸೊನ್ನೆಯಾದರೆ ಸ್ಫೋಟ. ಗೆಳೆಯರೆಲ್ಲ ಸೇರಿ ಹತ್ತು ನಿಮಿಷ ಆಡಲು ಅದು ಚೆನ್ನ, ಅವನ ಖುಷಿಯನ್ನು ನಾನು ಹೀಗಳೆಯುವುದಿಲ್ಲ. ವಾರ್ ಥಂಡರ್‌ನಲ್ಲಿ ಗುಂಡು ಯಾರಿಗೆ ತಾಗಿತು, ಯಾವ ಭಾಗ ಮುರಿಯಿತು ಎಂದು ನೋಡುವ ಕ್ರಮವಿದೆ, ಅದು ಪ್ಯಾಂಜರ್ ಎಲೀಟ್ ಮನೆತನಕ್ಕೆ ಹತ್ತಿರ. 2007ರ ಸ್ಟೀಲ್ ಫ್ಯೂರಿ, ಖಾರ್ಕೊವ್ 1942ರ ಆಟ, ಗನ್‌ಸೈಟಿನ ವಿಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ, ನೋಡಲೂ ಚೆಂದ. ಸ್ಟೀಲ್ ಬೀಸ್ಟ್ಸ್ 2000ದಲ್ಲಿ ಬಂದದ್ದು, ಅದರ ಮುಂದಿನ ರೂಪವನ್ನು ಹಲವು ದೇಶಗಳ ಸೇನೆಗಳೇ ತರಬೇತಿಗೆ ಬಳಸುತ್ತವೆ. ಗೌರವ ಬಹಳವಿದೆ. ಆದರೆ ಅಲ್ಲಿರುವುದು ಲೆಪರ್ಡ್ 2, ಎಂ1 ಅಬ್ರಾಮ್ಸ್‌ನಂಥ ಆಧುನಿಕ ಟ್ಯಾಂಕುಗಳು. ಗುಂಡಿ ಒತ್ತಿದರೆ ಲೇಸರ್ ದೂರ ಹೇಳುತ್ತದೆ, ಕಂಪ್ಯೂಟರ್ ಗನ್ನನ್ನು ಎತ್ತಿಕೊಡುತ್ತದೆ. ನಾನು ಹಗಲಿಡೀ ಟೋಟಲ್ ಸ್ಟೇಷನ್ ಅನ್ನುವ ಎಲೆಕ್ಟ್ರಾನಿಕ್ ಸರ್ವೆ ಉಪಕರಣ ಹಿಡಿದು ಅದೇ ಕೆಲಸ ಮಾಡುವವನು: ಪ್ರಿಸಂಗೆ ಗುರಿಯಿಡು, ಗುಂಡಿ ಒತ್ತು, ದೂರ ಮಿಲಿಮೀಟರ್ ಲೆಕ್ಕದಲ್ಲಿ ಬರುತ್ತದೆ. ಕೆಲಸಕ್ಕೆ ಅದೇ ಬೇಕು. ರಾತ್ರಿ ಆಟಕ್ಕೆ ಕೂತಾಗ ನನಗೆ ಬೇಕಾದದ್ದು ಕಣ್ಣಿನಿಂದಲೇ ಅಳೆಯುವ ಆ ಹಳೆಯ ಕೌಶಲ.

ಹೋದ ವರ್ಷ ಮಡಿಕೇರಿಗೆ ಹೋದಾಗ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್‌ಗೆ ಹೋಗಿದ್ದೆವು, ಈಗ ಅದು ವಸ್ತುಸಂಗ್ರಹಾಲಯ. ಹೊರಗೆ ಒಂದು ಟಿ-55 ಟ್ಯಾಂಕ್ ನಿಲ್ಲಿಸಿದ್ದಾರೆ. 1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಜಾತಿಯ ಟ್ಯಾಂಕ್, 100 ಮಿಲಿಮೀಟರ್ ಗನ್, ಒಳಗೆ ನಾಲ್ಕು ಜನ. ಜೊತೆಗಿದ್ದವರೆಲ್ಲ ಗನ್ನಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಡ್ರೈವರ್ ಕೂರುವ ಜಾಗದ ಎದುರು ಬಹಳ ಹೊತ್ತು ನಿಂತೆ. ಬಾಗಿಲು ಮುಚ್ಚಿದರೆ ಅವನಿಗೆ ಉಳಿಯುವುದು ಎರಡು ಪುಟ್ಟ ಪೆರಿಸ್ಕೋಪುಗಳು. ಅಂಗೈ ಅಗಲದ ಗಾಜು. 36 ಟನ್ ಉಕ್ಕನ್ನು ಅಷ್ಟರಲ್ಲಿ ನೋಡಿಕೊಂಡು, ಗದ್ದೆ, ನಾಲೆ, ಮೈನುಗಳ ನಡುವೆ ನಡೆಸಿದವರು ನಮ್ಮವರು. ಚಿಕ್ಕಪ್ಪನ ಮಗನೂ ಜೊತೆಗಿದ್ದ. ಗಾಜನ್ನು ತೋರಿಸಿದೆ. “ಇಷ್ಟರಲ್ಲೇ ನೋಡ್ಬೇಕಾ?” ಅಂದ. “ಇಷ್ಟರಲ್ಲೇ” ಅಂದೆ. ಅವನು ಬಗ್ಗಿ, ಅದರ ಎತ್ತರಕ್ಕೆ ಕಣ್ಣಿಟ್ಟು, ಎದುರಿನ ರಸ್ತೆ ಎಷ್ಟು ಕಾಣಬಹುದು ಎಂದು ಕೈಯಿಂದ ಚೌಕಟ್ಟು ಮಾಡಿ ನೋಡಿದ. ವಾದ ಇನ್ನೂ ಬಿಟ್ಟಿಲ್ಲ, ಆದರೆ ‘ಏನೂ ಕಾಣಲ್ಲ’ ಅನ್ನುವುದನ್ನು ಅವನೀಗ ದೂರಾಗಿ ಹೇಳುವುದಿಲ್ಲ. ಕೀಬೋರ್ಡಿನ ದೂರು ಹಾಗೇ ಇದೆ, ಇರಲಿ.

ಯಾರಿಗಾದರೂ ಆಡಿ ನೋಡುವ ಮನಸ್ಸಾದರೆ ಸ್ಪೆಷಲ್ ಎಡಿಷನ್ ಆಟಗಳನ್ನು ಮಾರುವ ಜಾಲತಾಣ ಜಿಒಜಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಈಗಿನ ವಿಂಡೋಸ್‌ನಲ್ಲಿ ಚಿತ್ರ ಕಲೆಸಿಕೊಂಡರೆ ಡಿಜಿವೂಡೂ ಅನ್ನುವ ತಂತ್ರಾಂಶ ಹಾಕಿ ನೋಡಿ, ಹಳೆಯ ಡೈರೆಕ್ಟ್‌ಎಕ್ಸ್ ಆಟಗಳಿಗೆಲ್ಲ ನಾನು ಅದನ್ನೇ ಬಳಸುವುದು. ಮೊದಲಿಗೆ ಯುದ್ಧಕ್ಕೆ ಇಳಿಯಬೇಡಿ. ತರಬೇತಿಯ ಕದನದಲ್ಲಿ ಗನ್ನರ್ ಜಾಗಕ್ಕೆ ಹೋಗಿ, ಒಂದು ಗುರಿಗೆ ದೂರ ಅಳೆದು, ಗುಂಡು ಹಾರಿಸಿ, ಅದು ಎಲ್ಲಿ ಬಿತ್ತು ನೋಡಿ. ಗುರಿ ಮುಟ್ಟುವ ಮೊದಲೇ ಬಿದ್ದರೆ ದೂರ ಏರಿಸಿ, ಗುರಿ ದಾಟಿ ಬಿದ್ದರೆ ಇಳಿಸಿ. ಶತ್ರು ಟ್ಯಾಂಕುಗಳ ಅಗಲವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಳ್ಳಿ: ಶೆರ್ಮನ್ 2.6, ಪ್ಯಾಂಜರ್ 4 ಸುಮಾರು 2.9, ಟೈಗರ್ ಮೂರೂವರೆಯ ಮೇಲೆ. ಓರೆಯಾಗಿ ನಿಂತ ಟ್ಯಾಂಕಿನ ಬಗ್ಗೆ ಮಾತ್ರ ಎಚ್ಚರ: ಮುಂಭಾಗ, ಪಕ್ಕ ಎರಡೂ ಕಾಣುವುದರಿಂದ ಅಗಲ ಹೆಚ್ಚಾಗಿ ಕಾಣುತ್ತದೆ, ಅಳೆದರೆ ಇರುವುದಕ್ಕಿಂತ ಹತ್ತಿರ ಅನ್ನಿಸುತ್ತದೆ, ಗುಂಡು ಗುರಿ ಮುಟ್ಟುವ ಮೊದಲೇ ನೆಲಕ್ಕೆ ಬೀಳುತ್ತದೆ. ಆಗ ಅಗಲ ಬಿಟ್ಟು ಎತ್ತರದಿಂದ ಅಳೆಯಿರಿ, ಎತ್ತರ ಯಾವ ಕಡೆಯಿಂದ ನೋಡಿದರೂ ಒಂದೇ.